ಎರಡು ವರ್ಷಕ್ಕೆ ಅವಧಿ ಮುಗಿಯುವ ನನ್ನ ಇಂಗ್ಲಿಷ್

ಕಳೆದ ಗುರುವಾರ ನಮ್ಮ ಶಾಲೆಯಲ್ಲಿ ‘ವಾಯ್ ಖ್ರೂ’ ನಡೆಯಿತು. ಥಾಯ್ಲೆಂಡಿನಲ್ಲಿ ಮೇ ತಿಂಗಳ ನಡುವಿನಲ್ಲಿ ಶಾಲೆ ಶುರುವಾದ ಮೇಲೆ, ಸಾಮಾನ್ಯವಾಗಿ ಜೂನ್ ತಿಂಗಳ ಒಂದು ಗುರುವಾರ, ಮಕ್ಕಳು ಉಪಾಧ್ಯಾಯರಿಗೆ ನಮಸ್ಕರಿಸುವ ದಿನವಿದು. ‘ಖ್ರೂ’ ಎಂದರೆ ನಮ್ಮ ಗುರುವೇ. ಗುರುವಾರದ ಥಾಯ್ ಹೆಸರಿನೊಳಗೆ ಕುಳಿತಿರುವವನೂ ನಮ್ಮ ಬೃಹಸ್ಪತಿಯೇ. ಏಳನೆಯ ತರಗತಿಯ ಹುಡುಗಿಯೊಬ್ಬಳು ಮಂಡಿಯಲ್ಲೇ ಸರಿಯುತ್ತಾ ಬಂದು ನನ್ನ ಮುಂದಿಟ್ಟ ತಟ್ಟೆಯಲ್ಲಿ ಗರಿಕೆ, ಕೇಪಳದ ಹೂ ಮತ್ತು ಬದನೆ ಹೂ ಇದ್ದವು. ಗಣಪತಿಗೆ ಏರಿಸುವ ಗರಿಕೆಯನ್ನು ಬ್ಯಾಂಕಾಕಿನಲ್ಲಿ ನನಗೆ ಕೊಡುತ್ತಿದ್ದಾರಲ್ಲ ಎಂದು ಒಂದು ಗಳಿಗೆ ಗಂಟಲು ಕಟ್ಟಿತು. ಮಧ್ಯಾಹ್ನ ಊಟ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ಮೇಜಿನ ಮೇಲೆ ಕಚೇರಿಯ ಚೀಟಿ ಕಾದಿತ್ತು. ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ನನ್ನ ಅಂಕಪಟ್ಟಿಗೆ ಎರಡು ವರ್ಷ ತುಂಬಿರುವುದರಿಂದ, ನನಗೆ ಇಂಗ್ಲಿಷ್ ಬರುತ್ತದೆ ಎಂಬುದಕ್ಕೆ ತಿಂಗಳ ಕೊನೆಯೊಳಗೆ ಹೊಸ ಪುರಾವೆ ಒದಗಿಸಬೇಕಂತೆ.

ನಾನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು, ಬಿ.ಎಡ್. ಮುಗಿಸಿದವಳು. ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಶಿವಮೊಗ್ಗ ಜಿಲ್ಲೆಯ ಪಿಯು ಕಾಲೇಜೊಂದರಲ್ಲಿ ಅದೇ ವಿಷಯವನ್ನು ಬೋಧಿಸಿದವಳು. ಟೋಯಿಕ್ ಎಂದರೆ ಎರಡು ಗಂಟೆಯಲ್ಲಿ 200 ಪ್ರಶ್ನೆಗಳಿಗೆ ಪೆನ್ಸಿಲಿನಿಂದ ಉತ್ತರದ ವೃತ್ತ ತುಂಬುವ ಪರೀಕ್ಷೆ. ವಿಮಾನ ನಿಲ್ದಾಣದ ಪ್ರಕಟಣೆ ಕೇಳಿಸಿ, ಕಚೇರಿಯ ಪತ್ರ ಓದಿಸಿ, ಸರಿಯುತ್ತರ ಯಾವುದೆಂದು ಕೇಳುತ್ತಾರೆ. ಆ ಪರೀಕ್ಷೆಯ ಬಗ್ಗೆ ನನ್ನ ತಕರಾರಿಲ್ಲ. ಒಮ್ಮೆ ಬರೆದು, ಬೇಕಾದ್ದಕ್ಕಿಂತ ಹೆಚ್ಚೇ ಅಂಕ ತೆಗೆದು, ಕಡತಕ್ಕೆ ಸೇರಿಸಿಯಾಗಿದೆ. ಆದರೆ ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಖು ಒತ್ತುವಂತೆ ನನ್ನ ಇಂಗ್ಲಿಷಿಗೂ ತಾರೀಖು ಒತ್ತಿದ್ದಾರೆ. ಈ ಎರಡು ವರ್ಷ ದಿನವೂ ಇವರದೇ ಶಾಲೆಯಲ್ಲಿ, ಇವರದೇ ಮಕ್ಕಳಿಗೆ, ಇಂಗ್ಲಿಷಿನಲ್ಲೇ ಪಾಠ ಹೇಳಿದ ಮೇಲೂ ಅದು ಒಡೆದು ಹೋಗಿರಬಹುದು ಎಂಬ ಅನುಮಾನ ಇವರಿಗೆ.

ನನ್ನ ಪಕ್ಕದ ಮೇಜಿನವನಿಗೆ ಆ ಚೀಟಿ ಬಂದಿಲ್ಲ, ಬರುವುದೂ ಇಲ್ಲ. ಇಪ್ಪತ್ತನಾಲ್ಕರ ಹುಡುಗ, ಓದಿದ್ದು ಹೋಟೆಲ್ ಮ್ಯಾನೇಜ್‌ಮೆಂಟ್, ಹೋದ ವರ್ಷ ಇಲ್ಲಿಗೆ ಬರುವವರೆಗೆ ಕೈಯಲ್ಲಿ ಚಾಕ್‌ಪೀಸು ಹಿಡಿದವನಲ್ಲ. ಹುಡುಗ ಒಳ್ಳೆಯವನೇ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಪಾಸ್‌ಪೋರ್ಟ್ ಇಂಗ್ಲಿಷ್ ತಾಯ್ನುಡಿಯಾದ ದೇಶದ್ದು ಎಂಬುದೇ ಅವನ ಇಂಗ್ಲಿಷಿಗೆ ಪುರಾವೆಯಾಗುತ್ತದೆ ಮತ್ತು ಆ ಪುರಾವೆ ಎಂದೂ ಹಳಸುವುದಿಲ್ಲ ಎಂಬುದು ನನ್ನ ಸಿಟ್ಟು. ಅವನಿಗೆ ತಿಂಗಳಿಗೆ 38,000 ಬಾತ್, ನನಗೆ 25,000. ತರಗತಿಗಳ ಸಂಖ್ಯೆ ಒಂದೇ, ಬೆಳಿಗ್ಗೆ ಎಂಟಕ್ಕೆ ಧ್ವಜದ ಮುಂದೆ ನಿಂತು ಬೆವರುವುದೂ ಒಂದೇ. ಕಚೇರಿಯವರನ್ನು ಕೇಳಿದರೆ, ‘ಅವರು ನೇಟಿವ್, ನೀವು ನಾನ್-ನೇಟಿವ್’ ಎಂದು ರಕ್ತದ ಗುಂಪು ಹೇಳಿದಷ್ಟು ಸಹಜವಾಗಿ ಹೇಳಿ, ಕೊನೆಗೆ ‘ಮೈ ಪೆನ್ ರೈ’ ಎಂದು ನಗುತ್ತಾರೆ. ಪರವಾಗಿಲ್ಲ ಬಿಡಿ ಎಂದರ್ಥ. ಹದಿಮೂರು ಸಾವಿರ ಕಡಿಮೆಯಾದವಳು ಆಡಬೇಕಾದ ಮಾತನ್ನು ಕಡಿಮೆ ಮಾಡಿದವರೇ ಆಡಿಬಿಡುತ್ತಾರೆ. ಇಲ್ಲಿ ನನಗಿಂತ ಎಷ್ಟೋ ವರ್ಷ ಮೊದಲು ಬಂದು ದುಡಿಯುತ್ತಿರುವ ಫಿಲಿಪೀನ್ಸಿನ ಶಿಕ್ಷಕಿಯರ ಪಾಡೂ ಇದೇ. ಅವರು ಕೇಳುವುದನ್ನೇ ಬಿಟ್ಟಿದ್ದಾರೆ.

ಇಲ್ಲಿ ಬಿಳಿಯರಿಗೆ ‘ಫರಂಗ್’ ಎನ್ನುತ್ತಾರೆ. ನಮ್ಮ ಪರಂಗಿಯೇ ಅದು. ನಾವು ಪಪ್ಪಾಯಿಗೆ ಪರಂಗಿ ಹಣ್ಣು ಎಂದರೆ ಇವರು ಸೀಬೆಹಣ್ಣಿಗೆ ಫರಂಗ್ ಎನ್ನುತ್ತಾರೆ. ನಮ್ಮ ಕಡೆಯವರಿಗೆ ಇರುವ ಮಾತು ‘ಖೇಕ್’, ಅತಿಥಿ ಎಂದರ್ಥ. ಕಳೆದ ವರ್ಷ ಪೋಷಕರ ಸಭೆಯಲ್ಲಿ ತಾಯಿಯೊಬ್ಬರು, ತಮ್ಮ ಮಗನಿಗೆ ಫರಂಗ್ ಟೀಚರ್ ಬೇಕು, ಈ ಅತಿಥಿಯ ಉಚ್ಚಾರ ಮಗನಿಗೆ ಅಂಟಿಕೊಂಡರೆ ಕಷ್ಟ ಎಂದು ನನ್ನೆದುರಿಗೇ ಹೇಳಿದರು. ನನಗೆ ಥಾಯ್ ಅರ್ಥವಾಗುತ್ತದೆ ಎಂದು ಆಕೆಗೆ ಗೊತ್ತಿರಲಿಲ್ಲ.

ಉಚ್ಚಾರದ ಮಾತು ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕನ್ನಡದ ಬಾಯಿಗೆ ವ್ಯಂಜನದಲ್ಲಿ ಮಾತು ನಿಲ್ಲಿಸುವುದು ಒಗ್ಗುವುದಿಲ್ಲ. ಅದಕ್ಕೇ ಬಸ್, ಕಾರ್ ಎನ್ನುವ ಬದಲು ಬಸ್ಸು, ಕಾರು ಎಂದು ಕೊನೆಗೊಂದು ಉಕಾರ ಸೇರಿಸಿ ಹಗುರಾಗುತ್ತೇವೆ. ಥಾಯ್ ಬಾಯಿ ಇದಕ್ಕೆ ತಿರುಗಾಮುರುಗಾ. ಅದು ಕೊನೆಯ ಧ್ವನಿಯನ್ನು ನುಂಗುತ್ತದೆ ಅಥವಾ ತನಗೆ ಒಗ್ಗುವಂತೆ ಬದಲಾಯಿಸಿಕೊಳ್ಳುತ್ತದೆ. ಅವರ ಭಾಷೆಯಲ್ಲಿ ಪದದ ಕೊನೆಗೆ ಸಕಾರ ಬಂದರೆ ತಕಾರದಂತೆ, ಲಕಾರ ಬಂದರೆ ನಕಾರದಂತೆ ನುಡಿಯುವುದರಿಂದ, ಬಸ್ ‘ಬತ್’ ಆಗುತ್ತದೆ, ಹೋಟೆಲ್ ‘ಹೋಟೆನ್’ ಆಗುತ್ತದೆ. ನಮ್ಮೂರಿನ ಹುಡುಗ ಇಸ್ಕೂಲು ಎನ್ನುವ ಕಡೆ ಇಲ್ಲಿನ ಹುಡುಗ ‘ಸಕೂನ್’ ಎನ್ನುತ್ತಾನೆ; ಪದದ ಮೊದಲಲ್ಲಿ ಬರುವ ಒತ್ತಕ್ಷರವನ್ನು ಬಿಡಿಸಿಕೊಳ್ಳಲು ಇಬ್ಬರೂ ಒಂದೊಂದು ಸ್ವರವನ್ನು ಸಾಲ ತರುತ್ತಾರೆ, ಅವನು ಮುಂದೆ, ಇವನು ನಡುವೆ. ನಾಲಿಗೆಯನ್ನು ಎಲ್ಲಿ ನಿಲ್ಲಿಸಬೇಕೆಂದು ನಾನೂ ಒಮ್ಮೆ ಕಷ್ಟಪಟ್ಟು ಕಲಿತಿರುವುದರಿಂದ, ಕನ್ನಡಿ ಹಿಡಿದು ಆ ಜಾಗವನ್ನು ಮಕ್ಕಳಿಗೆ ತೋರಿಸಬಲ್ಲೆ. ಪಕ್ಕದ ಮೇಜಿನ ಹುಡುಗ ‘ನೋ, ಸ್ಕೂಲ್, ಸ್ಕೂಲ್’ ಎಂದು ಹತ್ತು ಸಲ ಹೇಳಿ ಸೋಲುತ್ತಾನೆ, ಏಕೆಂದರೆ ಅವನು ಅದನ್ನು ಎಂದೂ ಕಲಿಯಲಿಲ್ಲ, ಅದು ಅವನಿಗೆ ಬಂದುಬಿಟ್ಟಿತ್ತು. ಸಂಬಳದ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಇನ್ನು ಕಾಗದಪತ್ರಗಳ ಕಥೆ. ನನ್ನ ಪದವಿ ಪ್ರಮಾಣಪತ್ರ ಬೆಂಗಳೂರಿನಲ್ಲಿ ಒಂದು ಮೊಹರು, ವಿದೇಶಾಂಗ ಸಚಿವಾಲಯದ್ದೊಂದು ಮೊಹರು, ಚೆನ್ನೈನಲ್ಲಿರುವ ಥಾಯ್ ದೂತಾವಾಸದ ಒಂದು ಮೊಹರು, ಇಲ್ಲಿಗೆ ಬಂದ ಮೇಲೆ ಥಾಯ್ ಅನುವಾದಕ್ಕೊಂದು ಮೊಹರು ಹಾಕಿಸಿಕೊಂಡು ತೀರ್ಥಯಾತ್ರೆ ಮುಗಿಸಿತು. ಅಷ್ಟಾದ ಮೇಲೆ ಹೆಸರಿನ ಗೋಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎಲ್ಲರಂತೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಬರೆದಾಗ ಊರಿನ ಹೆಸರೂ ಅಪ್ಪನ ಹೆಸರೂ ಹೊರಬಂದವು. ಇವೆರಡೂ ಒಬ್ಬಳೇ ಎಂದು ನಂಬಿಸಲು ಅಫಿಡವಿಟ್ ತರಿಸಬೇಕಾಯಿತು. ಶಾಲೆಯವರು ಮೊದಲು ಕಂಡ ಪದವನ್ನೇ ಹೆಸರೆಂದು ತಿಳಿದು ಹಾಜರಿ ಪುಸ್ತಕದಲ್ಲಿ ಬರೆದುಕೊಂಡಿದ್ದರಿಂದ, ಎರಡು ವರ್ಷಗಳಿಂದ ಮಕ್ಕಳು ನನ್ನನ್ನು ‘ಟೀಚರ್ ತೀರ್ಥಹಳ್ಳಿ’ ಎಂದೇ ಕರೆಯುತ್ತಾರೆ, ಅವಸರವಿದ್ದರೆ ‘ಟೀಚರ್ ತೀ’. ಇದೊಂದು ನನಗೆ ಇಷ್ಟವೇ, ಬಿಡಿ.

ಬಾಡಿಗೆ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಕೊಟ್ಟು ಸೇರಿದರೆ, ವಿದೇಶಿಯೊಬ್ಬಳು ತಮ್ಮ ಮನೆಯಲ್ಲಿದ್ದಾಳೆ ಎಂದು ಮಾಲೀಕರು 24 ಗಂಟೆಯೊಳಗೆ ಟಿಎಂ 30 ಎಂಬ ನಮೂನೆಯಲ್ಲಿ ವಲಸೆ ಇಲಾಖೆಗೆ ತಿಳಿಸಬೇಕು. ನಮ್ಮ ಮಾಲೀಕರು ತಿಳಿಸಲಿಲ್ಲ. ಕೌಂಟರಿನಲ್ಲಿ ತಲೆ ತಗ್ಗಿಸಿ ನಿಂತವಳು ಮಾತ್ರ ನಾನು. 90 ದಿನಕ್ಕೊಮ್ಮೆ ಇನ್ನೂ ಇದೇ ವಿಳಾಸದಲ್ಲಿದ್ದೇನೆ ಎಂದು ನಾನೇ ವರದಿ ಕೊಡಬೇಕು. ಊರಿಗೆ ಮದುವೆಗೆಂದು ನಾಲ್ಕು ದಿನ ಹೋಗುವುದಿದ್ದರೂ 1,000 ಬಾತ್ ಕಟ್ಟಿ ಮರುಪ್ರವೇಶದ ಅನುಮತಿ ಪಡೆಯದಿದ್ದರೆ, ವಿಮಾನ ಹತ್ತಿದ ಕ್ಷಣಕ್ಕೆ ವೀಸಾ ಬಿದ್ದುಹೋಗುತ್ತದೆ. ಇವೆಲ್ಲ ಆ ಹುಡುಗನಿಗೂ ಇವೆ ಎಂಬುದನ್ನು ಒಪ್ಪುತ್ತೇನೆ. ಪರದೇಶಕ್ಕೆ ಬಂದ ಮೇಲೆ ಅಲ್ಲಿನ ಕಾನೂನು ಪಾಲಿಸಲೇಬೇಕು, ಸರತಿಯಲ್ಲಿ ನಿಲ್ಲುವುದಕ್ಕೆ ನಾನು ಅಳುವುದಿಲ್ಲ. ನಾನು ಎಲ್ಲಿದ್ದೇನೆ ಎಂದು ಕೇಳಿದರೆ ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ನನಗೇನು ಗೊತ್ತು ಎಂದು ಮತ್ತೆ ಮತ್ತೆ ಕೇಳಿದರೆ ಮೈ ಉರಿಯುತ್ತದೆ.

ಪರೀಕ್ಷೆಗೆ ಹಣ ಕಟ್ಟಿದ್ದೇನೆ, ಬರುವ ಶನಿವಾರವೇ ಇದೆ. ಇಂದು ಸಂಜೆ ಪಕ್ಕದ ಮೇಜಿನ ಹುಡುಗ ಒಂಬತ್ತನೆಯ ತರಗತಿಯ ವ್ಯಾಕರಣದ ಪ್ರಶ್ನೆಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು, ಶುಕ್ರವಾರದೊಳಗೆ ಒಮ್ಮೆ ತಿದ್ದಿಕೊಡಬಹುದೇ ಎಂದು ಸಂಕೋಚದಿಂದಲೇ ಕೇಳಿದ. ಮನೆಗೆ ತಂದು ಚಹಾ ಇಟ್ಟುಕೊಂಡು ಕುಳಿತಿದ್ದೇನೆ. ಮೊದಲನೆಯ ಪ್ರಶ್ನೆಯಲ್ಲೇ ‘ಇಟ್ಸ್’ ಎಂಬ ಪದಕ್ಕೆ ಬೇಡದ ಅಪಾಸ್ಟ್ರಫಿ ಹಾಕಿದ್ದಾನೆ.