ಉಂಡ ಮನೆಯ ಗಳ ಎಣಿಸಿದವರು

ಬ್ರಿಟನ್ನಿನ ಯುಕಿಪ್ ಪಕ್ಷದ ಕಷ್ಟ ಶತ್ರುವಿಗೂ ಬೇಡ. ಐರೋಪ್ಯ ಒಕ್ಕೂಟದಿಂದ ದೇಶವನ್ನು ಬಿಡಿಸಿಕೊಂಡು ಬರ್ತೀವಿ ಅಂತ 1993ರಲ್ಲಿ ಹುಟ್ಟಿದ ಪಕ್ಷ. ಕೈತುಂಬಾ ಸೀಟು ಸಿಕ್ಕಿದ್ದು ಮಾತ್ರ ಐರೋಪ್ಯ ಸಂಸತ್ತಿನಲ್ಲೇ! 2014ರಲ್ಲಿ ಬ್ರಿಟನ್ನಿನ ಪಾಲಿನ 73 ಸೀಟುಗಳಲ್ಲಿ 24 ಗೆದ್ದು ಮೊದಲ ಸ್ಥಾನಕ್ಕೆ ಬಂತು. ನಾಯಕ ನೈಜಲ್ ಫರಾಜ್ 1999ರಿಂದಲೇ ಅಲ್ಲಿ ಸದಸ್ಯರು. ಸಂಬಳ, ಭತ್ಯೆ ಅಲ್ಲಿಂದ. ಬೈಗುಳವೂ ಅಲ್ಲಿಗೇ.

ಐರೋಪ್ಯ ಚುನಾವಣೆಯಲ್ಲಿ ಬಿದ್ದ ಓಟಿಗೆ ತಕ್ಕಷ್ಟು ಸೀಟು. ಲಂಡನ್ನಿನ ಸಂಸತ್ತಿಗೆ ಹಾಗಲ್ಲ, ಕ್ಷೇತ್ರದಲ್ಲಿ ಒಂದು ಓಟು ಜಾಸ್ತಿ ಬಂದವರೇ ರಾಜ. (ನಮಗೂ ಅದನ್ನೇ ಬಿಟ್ಟುಹೋಗಿದ್ದಾರಲ್ಲ, ವಿವರಿಸಬೇಕಿಲ್ಲ.) 2015ರಲ್ಲಿ 38 ಲಕ್ಷ ಜನ ಯುಕಿಪ್‌ಗೆ ಓಟು ಹಾಕಿದರು. ಬಂದದ್ದು ಒಂದೇ ಸೀಟು, ಕ್ಲಾಕ್ಟನ್. ಅದೂ ಕನ್ಸರ್ವೇಟಿವ್ ಪಕ್ಷದಿಂದ ಜಿಗಿದು ಬಂದವರದ್ದು. ಅದೇ ಚುನಾವಣೆಯಲ್ಲಿ ಸ್ಕಾಟ್ಲೆಂಡಿನ ಎಸ್‌ಎನ್‌ಪಿ ಪಕ್ಷಕ್ಕೆ ಅದರ ಅರ್ಧದಷ್ಟೂ ಓಟಿಲ್ಲ, ಸೀಟು 56! ಸೋತ ಫರಾಜ್ ರಾಜೀನಾಮೆ ಕೊಟ್ಟರು. ಮೂರೇ ದಿನಕ್ಕೆ ಪಕ್ಷ ಒಪ್ಪಲಿಲ್ಲ ಅಂತ ಮತ್ತೆ ಬಂದು ಕೂತರು. ಕರ್ನಾಟಕದವರಿಗೆ ಇದರಲ್ಲಿ ಹೊಸದೇನೂ ಕಾಣಿಸಲಿಕ್ಕಿಲ್ಲ.

ಮರುವರ್ಷ ಜನಮತಗಣನೆಯಲ್ಲಿ ಶೇ 51.9 ಮಂದಿ ಬ್ರೆಕ್ಸಿಟ್‌ಗೆ, ಅಂದರೆ ಒಕ್ಕೂಟ ಬಿಡೋದಕ್ಕೆ, ಹೂಂ ಅಂದರು. ಹರಕೆ ತೀರಿತು, ಪಕ್ಷಕ್ಕೆ ಕೆಲಸ ಹೋಯಿತು. ಹೊಸ ನಾಯಕಿ ಡಯೇನ್ ಜೇಮ್ಸ್ 18 ದಿನಕ್ಕೇ ಸಾಕಪ್ಪಾ ಅಂದರು. 2017ರಲ್ಲಿ ಸೀಟು ಸೊನ್ನೆ, ಬಹುತೇಕ ಕಡೆ ಠೇವಣಿಯೂ ಇಲ್ಲ.

ಆದರೆ ಸರ್ಕಾರಕ್ಕೆ ಒಕ್ಕೂಟ ಬಿಡೋಕೆ ಆಗಲೇ ಇಲ್ಲ. ಹಾಗಾಗಿ 2019ರ ಮೇನಲ್ಲಿ ಬ್ರಿಟನ್ ಮತ್ತೆ ಐರೋಪ್ಯ ಚುನಾವಣೆ ನಡೆಸಬೇಕಾಯಿತು. ಫರಾಜ್ ಅವರ ಹೊಸ ಬ್ರೆಕ್ಸಿಟ್ ಪಾರ್ಟಿ, ಹುಟ್ಟಿ ತಿಂಗಳುಗಳಷ್ಟೇ ಆಗಿತ್ತು, 29 ಸೀಟು ಬಾಚಿಕೊಂಡಿತು. ಡಿಸೆಂಬರಿನಲ್ಲಿ ಸ್ವದೇಶದ ಸಂಸತ್ತಿಗೆ ಚುನಾವಣೆ ಬಂತು. ಅಲ್ಲಿ ಸೊನ್ನೆ.

ಕೊನೆಗೂ ಬ್ರಿಟನ್ ಒಕ್ಕೂಟ ಬಿಡುವ ಹೊತ್ತು ಬಂತು. 2020ರ ಜನವರಿ 29ರಂದು ಬ್ರಸೆಲ್ಸ್‌ನ ಐರೋಪ್ಯ ಸಂಸತ್ತಿನಲ್ಲಿ ಫರಾಜ್ ಅವರ ವಿದಾಯ ಭಾಷಣ. ಅಂಗೈಯಗಲದ ಬಾವುಟಗಳನ್ನು ಅಲ್ಲಾಡಿಸಿದ್ದೇ ತಡ, ಮೈಕ್ ಬಂದ್. ಬಾವುಟ ಒಳಗಿಡಿ, ಹೋಗುವಾಗ ಜೊತೆಗೇ ಒಯ್ಯಿರಿ ಎಂದರು ಸಭೆ ನಡೆಸುತ್ತಿದ್ದ ಉಪಾಧ್ಯಕ್ಷೆ. ಮದುವೆ ಮನೆಯಲ್ಲಿ ತಾಂಬೂಲದ ಚೀಲ ಕೊಟ್ಟು ಕಳಿಸಿದ ಹಾಗೆ.

ಅದೇ ಪಾರ್ಟಿ ರಿಫಾರ್ಮ್ ಯುಕೆ ಅಂತ ಹೆಸರು ಬದಲಿಸಿ 2024ರಲ್ಲಿ 41 ಲಕ್ಷ ಓಟು ಪಡೆಯಿತು. ಸೀಟು ಐದು. 35 ಲಕ್ಷ ಓಟಿನ ಲಿಬರಲ್ ಡೆಮಾಕ್ರಾಟರಿಗೆ 72. ಫರಾಜ್ ಎಂಟನೇ ಯತ್ನದಲ್ಲಿ, ಅದೇ ಕ್ಲಾಕ್ಟನ್‌ನಿಂದ, ಕೊನೆಗೂ ಗೆದ್ದರು. ಆ ಚುನಾವಣೆಯ ಪ್ರಣಾಳಿಕೆಯಲ್ಲಿ ಒಂದು ಬೇಡಿಕೆಯೂ ಇತ್ತು: ಓಟಿಗೆ ತಕ್ಕಷ್ಟು ಸೀಟು ಸಿಗುವ ಪದ್ಧತಿ ನಮ್ಮಲ್ಲೂ ಬರಲಿ. ಬ್ರಸೆಲ್ಸ್‌ಗೆ ಆರಿಸಿ ಹೋಗುವಾಗ ಇತ್ತಲ್ಲ, ಅದೇ.