ಸತ್ಯಾಂಶ: ಪೊಲೀಸರ ಮೇಲಿನ ದೂರನ್ನು ಅದೇ ಠಾಣೆಗೇ ಕೊಡಬೇಕೇ?

'ಪೊಲೀಸರ ವಿರುದ್ಧದ ದೂರನ್ನೂ ಅದೇ ಠಾಣೆಯಲ್ಲೇ ಕೊಡಬೇಕು, ಬೇರೆ ದಾರಿಯಿಲ್ಲ' ಎಂಬ ಸಂದೇಶ ಬೆಂಗಳೂರಿನ ಬಡಾವಣೆಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಪೊಲೀಸ್ ದೂರು ಪ್ರಾಧಿಕಾರ ರಚಿಸಲು ಆದೇಶಿಸಿತು. ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಅದಕ್ಕೆ ಜಾಗವಿದೆ. ಕೋರ್ಟ್ ಹೇಳಿದ ಹಂಚಿಕೆಯಂತೆ ಡಿವೈಎಸ್‌ಪಿವರೆಗಿನವರ (ನಗರದಲ್ಲಿ ಎಸಿಪಿ) ಮೇಲಿನ ದೂರು ಜಿಲ್ಲಾ ಪ್ರಾಧಿಕಾರಕ್ಕೆ, ಎಸ್‌ಪಿ ಮತ್ತು ಮೇಲಿನವರದ್ದು ರಾಜ್ಯ ಪ್ರಾಧಿಕಾರಕ್ಕೆ. ಕಸ್ಟಡಿ ಸಾವು, ಅತ್ಯಾಚಾರ, ತೀವ್ರ ಗಾಯದ ಪ್ರಕರಣಗಳಿಗೂ ಅಧಿಕಾರಿಯ ದರ್ಜೆಗೆ ತಕ್ಕ ಇದೇ ಹಂಚಿಕೆ.

ಎಫ್‌ಐಆರ್ ದಾಖಲಿಸಲು ನಿರಾಕರಿಸಿದರೆ ದಾರಿ ಬೇರೆ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 173(4)ರಂತೆ ದೂರನ್ನು ಬರಹದಲ್ಲಿ ಅಂಚೆ ಮೂಲಕ ಎಸ್‌ಪಿಗೆ, ನಗರದಲ್ಲಾದರೆ ಡಿಸಿಪಿಗೆ ಕಳಿಸಿ. ಅಂಚೆ ರಸೀದಿ ಜೋಪಾನ. ಆಮೇಲೂ ಕ್ರಮವಾಗದಿದ್ದರೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ. ಬಹಳ ಅರ್ಜಿಗಳು ಎಡವುವುದು ಇಲ್ಲೇ: ಡಿಸಿಪಿಗೆ ಕಳಿಸಿದ ಪುರಾವೆಯಿಲ್ಲ, ಅಫಿಡವಿಟ್ ಇಲ್ಲ.

ಠಾಣೆಯೊಳಗೆ ಹೊಡೆತ, ಬೈಗುಳ ಆಗಿದ್ದರೆ ದಿನಾಂಕ, ಗಂಟೆ, ಯಾವ ಕೋಣೆ ಎಂದು ಅಂದೇ ಬರೆದಿಡಿ. ಸಿಸಿಟಿವಿ ದೃಶ್ಯವನ್ನು 18 ತಿಂಗಳು, ಅಷ್ಟು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಆದರೂ ದೃಶ್ಯ ಕಾಯ್ದಿಡುವಂತೆ ತಕ್ಷಣ ಲಿಖಿತವಾಗಿ ಕೇಳುವುದೇ ಕ್ಷೇಮ. ಗಾಯವಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ವೈದ್ಯರ ದಾಖಲೆಯಷ್ಟು ಗಟ್ಟಿ ಸಾಕ್ಷ್ಯ ಬೇರೆ ಸಿಗುವುದು ಕಷ್ಟ.

ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು, ಘಟನೆ ನಡೆದ ಒಂದು ವರ್ಷದೊಳಗೆ.