ಬೇರೆಯವರ ಕ್ಲಾಸಿನಲ್ಲಿ ನನ್ನ ಹಾಜರಿ

ಯೂನಿವರ್ಸಿಟಿಯ ಮೊದಲ ದಿನ ನಾನು ಪೂರ್ತಿ ಒಂದು ಗಂಟೆ ಬೇರೆ ಯಾರದೋ ಕ್ಲಾಸಿನಲ್ಲಿ ಕೂತು ಬಂದೆ. ಸುಮ್ನೆ ಕೂತು ಬಂದಿದ್ದರೆ ಪರವಾಗಿರಲಿಲ್ಲ. ಲ್ಯಾಪ್‌ಟಾಪ್ ತೆಗೆದು ನಾಲ್ಕು ಪುಟ ನೋಟ್ಸ್ ಬೇರೆ ಮಾಡಿಕೊಂಡೆ.

ಟೈಮ್‌ಟೇಬಲ್‌ನಲ್ಲಿ ‘ಬಿ-204’ ಅಂತಿತ್ತು. ಮೊದಲ ಅಂಕಿ ಮಹಡಿ, ಉಳಿದೆರಡು ಕೋಣೆ ಅಂತ ಸೀನಿಯರ್ ಒಬ್ಬರು ಹೇಳಿಕೊಟ್ಟಿದ್ದರು. ಶುರುವಿನ ‘ಬಿ’ ಅಕ್ಷರ ಕಟ್ಟಡದ್ದು ಅನ್ನೋದನ್ನು ಹೇಳಿರಲಿಲ್ಲ. ಅಥವಾ ಹೇಳಿದ್ದರು, ನಾನು ಅರ್ಥವಾದವನ ಹಾಗೆ ತಲೆ ಆಡಿಸುವುದರಲ್ಲಿ ಬ್ಯುಸಿ ಇದ್ದೆ. ಅಂತೂ ಎರಡನೇ ಮಹಡಿ ಹತ್ತಿದೆ, 204 ಕಂಡಿತು, ಒಳಗೆ ಹೋಗಿ ಸರಿಯಾಗಿ ಸಾಲಿನ ಮಧ್ಯದಲ್ಲಿ ಕೂತೆ.

ಮೇಡಂ ಬಂದರು, ಬೋರ್ಡ್ ಒರೆಸಿದರು, ‘ಹೋದ ವರ್ಷ ನೋಡಿದ್ವಲ್ಲ, ಅದನ್ನೇ ಮುಂದುವರಿಸೋಣ’ ಅಂದರು. ಹೋದ ವರ್ಷ ನಾನು ಇನ್ನೂ ಸ್ಕೂಲಿನಲ್ಲಿ ಸಂಜೆಯ ಬೆಲ್ ಯಾವಾಗ ಹೊಡೆಯುತ್ತೆ ಅಂತ ಕಾಯ್ತಾ ಕೂತಿದ್ದೆ. ಅಲ್ಲಿಗೆ ವಿಷಯ ಗೊತ್ತಾಯಿತು. ಇದು ಮೂರನೇ ವರ್ಷದ ಕ್ಲಾಸು.

ಎದ್ದು ಹೋಗಬಹುದಿತ್ತು, ಅಲ್ವಾ? ಆದರೆ ನನ್ನ ಎಡಕ್ಕೆ ಎಂಟು ಜನ, ಬಲಕ್ಕೆ ಏಳು ಜನ. ಯಾವ ಕಡೆ ಹೋದರೂ ಅಷ್ಟೂ ಜನ ಬ್ಯಾಗ್ ಎತ್ತಬೇಕು, ಕಾಲು ಮಡಚಬೇಕು, ನನ್ನ ಮುಖ ನೋಡಬೇಕು. ಬಾಗಿಲಂತೂ ತೆರೆದಾಗಲೆಲ್ಲ ಯಾರನ್ನೋ ಬಯ್ಯುವ ಹಾಗೆ ಕಿರ್ರ್ ಅನ್ನುತ್ತಿತ್ತು. ಅದಕ್ಕೇ ಕೂತೇಬಿಟ್ಟೆ. ಮೇಡಂ ನಮ್ಮ ಸಾಲಿನ ಕಡೆ ನೋಡಿ ‘ಅರ್ಥವಾಯ್ತಾ?’ ಅಂದಾಗ ಉಳಿದವರೆಲ್ಲ ಸುಮ್ಮನಿದ್ದರು, ಜೋರಾಗಿ ತಲೆ ಆಡಿಸಿದವನು ನಾನೊಬ್ಬನೇ. ಕೊನೆಗೆ ಹಾಜರಿ ಹಾಳೆ ಬಂತು. ಅದರಲ್ಲಿ ನನ್ನ ಹೆಸರು ಇರಲು ಸಾಧ್ಯವೇ ಇರಲಿಲ್ಲ. ಆದರೆ ಪಕ್ಕದವನು ಪೆನ್ನು ಹಿಡಿದುಕೊಂಡು ಕಾಯುತ್ತಿದ್ದ. ಪಟ್ಟಿಯ ಕೆಳಗೆ ನನ್ನ ಹೆಸರು ನಾನೇ ಬರೆದು ಸಹಿ ಹಾಕಿದೆ. ಇವತ್ತಿಗೂ ಆ ವಿಷಯದಲ್ಲಿ ನನಗೆ ಒಂದು ದಿನದ ಹಾಜರಿ ಇರಬೇಕು.

ಆಮೇಲೆ ಒಂದು ವಾರ ಆ ಕಟ್ಟಡವನ್ನು ಸುತ್ತು ಹಾಕಿಕೊಂಡು ಓಡಾಡಿದೆ, ಅಲ್ಲಿದ್ದವರು ಗುರುತು ಹಿಡಿದು ನಗುತ್ತಾರೆ ಅಂತ. ಸುತ್ತು ದಾರಿ ಅಂದಮೇಲೆ ನನ್ನ ಸ್ವಂತ ಕ್ಲಾಸಿಗೆ ದಿನಾ ತಡ. ಇಲ್ಲಿ ಬೆಲ್ ಹೊಡೆಯೋದಿಲ್ಲ, ಎಲ್ಲಿದ್ದೀಯ ಅಂತ ಯಾರೂ ಕೇಳೋದೂ ಇಲ್ಲ, ಅದೇ ತೊಂದರೆ. ಜರ್ಮನಿಯ ಯೂನಿವರ್ಸಿಟಿಗಳಲ್ಲಿ ಹತ್ತು ಗಂಟೆಯ ಪಾಠದ ಪಕ್ಕ ‘ಸಿ.ಟಿ.’ ಅಂತ ಬರೆದಿದ್ದರೆ ಅದು ಶುರುವಾಗೋದು ಹತ್ತೂಕಾಲಿಗಂತೆ. ಹಳೇ ಸಂಪ್ರದಾಯ. ಅಲ್ಲಿಗೆ ಹೋಗಿದ್ದರೆ ನಾನು ಬಹಳ ಶಿಸ್ತಿನ ಹುಡುಗ ಅನಿಸಿಕೊಳ್ಳುತ್ತಿದ್ದೆ.

ಹೀಗೆ ತಡವಾಗಿ ಹೋದ ಒಂದು ಸೈಕಾಲಜಿ ಪಾಠದಲ್ಲೇ ನನ್ನ ಕಾಯಿಲೆಯ ಹೆಸರು ಸಿಕ್ಕಿತು. ಸ್ಪಾಟ್‌ಲೈಟ್ ಎಫೆಕ್ಟ್. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಇದು. ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ಮುಖ ಇರುವ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಜನ ಕೂತ ಕೋಣೆಯೊಳಗೆ ಬಿಟ್ಟರು. ಅದನ್ನು ಹಾಕಿಕೊಳ್ಳೋಕೆ ಆ ವಯಸ್ಸಿನವರಿಗೆ ನಾಚಿಕೆ. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಅವರು ಅಂದುಕೊಂಡರು. ನಿಜಕ್ಕೂ ಗಮನಿಸಿದವರು ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರು.

ಇದನ್ನು ಕೇಳಿ ಸಮಾಧಾನ ಆಗಬೇಕಿತ್ತು. ನನಗೆ ಬೇಜಾರಾಯಿತು. ಅಷ್ಟು ಕಷ್ಟಪಟ್ಟು ಒಂದು ಗಂಟೆ ನಟನೆ ಮಾಡಿದ್ದೇನೆ, ಯಾರೂ ನೋಡಲೇ ಇಲ್ವಾ?

ಬಟ್ಟೆಯ ವಿಷಯಕ್ಕೆ ಮಾತ್ರ ಈ ಲೆಕ್ಕ ಅನ್ವಯಿಸಲಿಲ್ಲ. ಆರು ಬಿಳಿ ಶರ್ಟುಗಳ ಜೊತೆ ಹೊಸ ಕೆಂಪು ಟವೆಲ್ಲನ್ನು ಬಿಸಿನೀರಿಗೆ ಹಾಕಿದೆ. ಬಿಸಿನೀರಾದರೆ ಕೊಳೆ ಚೆನ್ನಾಗಿ ಹೋಗುತ್ತೆ ಅಂತ ಗೊತ್ತಿತ್ತು. ಬಣ್ಣವೂ ಅಷ್ಟೇ ಚೆನ್ನಾಗಿ ಹೋಗುತ್ತೆ ಅಂತ ಗೊತ್ತಿರಲಿಲ್ಲ. ಮೂರನೇ ದಿನಕ್ಕೆ ರೂಮ್‌ಮೇಟ್ ಕೇಳಿದ, ‘ಪಿಂಕ್ ನಿಂಗಷ್ಟು ಇಷ್ಟಾನಾ?’ ಹೌದು ಕಣೋ ಅಂದೆ. ಮುಂದಿನ ನನ್ನ ಹುಟ್ಟುಹಬ್ಬಕ್ಕೆ ಪಾಪ, ಹುಡುಕಿ ಹುಡುಕಿ ಪಿಂಕ್ ಸ್ವೆಟರ್ ತಂದುಕೊಟ್ಟ.

ಇನ್ನು ಅಸೈನ್‌ಮೆಂಟು. ಮೂರು ವಾರ ಟೈಮ್ ಕೊಟ್ಟಿದ್ದರು, ನಾನು ಶುರು ಮಾಡಿದ್ದು ಕೊನೆಯ ರಾತ್ರಿ. ಇದಕ್ಕೂ ಒಂದು ಪ್ರಯೋಗ ಇದೆ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಇಬ್ಬರು ಸಂಶೋಧಕರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಎಲ್ಲಾ ಕೈಕೊಟ್ಟರೆ? 49. ಮುಗಿಸಿದವರಿಗೆ ನಿಜಕ್ಕೂ ಹಿಡಿದದ್ದು ಸುಮಾರು 55. ಅಂದರೆ ಎಲ್ಲಾ ಕೈಕೊಡುತ್ತೆ ಅಂತ ಹಾಕಿದ ಲೆಕ್ಕವೂ ಕೈಕೊಟ್ಟಿತು. ನನ್ನ ಲೆಕ್ಕದಲ್ಲಿ ಎರಡು ಗಂಟೆ ಸಾಕಿತ್ತು. ರಾತ್ರಿ 12ಕ್ಕೆ ಗಡುವು, 11.58ಕ್ಕೆ ಅಪ್‌ಲೋಡ್ ಮಾಡಿ ಗೆದ್ದೆ ಅಂತ ಮಲಗಿದೆ.

ಬೆಳಿಗ್ಗೆ ಸರ್ ಮೇಲ್ ಬಂದಿತ್ತು. ‘ನೀವು ಕಳಿಸಿರೋದು ಅಚ್ಚುಕಟ್ಟಾಗಿದೆ. ಆದರೆ ಇದು ನಮ್ಮ ವಿಷಯವಲ್ಲ, ನಿಮ್ಮ ವರ್ಷದ್ದೂ ಅಲ್ಲ.’ ಫೈಲುಗಳಿಗೆ ಹೆಸರಿಡುವ ಅಭ್ಯಾಸ ನನಗಿಲ್ಲ. ‘ಹೆಸರಿಲ್ಲದ್ದು 11’ ಕಳಿಸುವ ಬದಲು ‘ಹೆಸರಿಲ್ಲದ್ದು 1’ ಕಳಿಸಿದ್ದೆ. ಮೊದಲ ದಿನದ ಆ ನಾಲ್ಕು ಪುಟ.

ಎರಡನೇ ವರ್ಷದ ಮೊದಲ ಕ್ಲಾಸು. ಸರ್ ‘ಹೋದ ವರ್ಷ ಎಲ್ಲಿಗೆ ನಿಲ್ಲಿಸಿದ್ವಿ?’ ಅಂದರು. ಪಕ್ಕದಲ್ಲಿದ್ದ ಹುಡುಗನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತುಬಿಟ್ಟಿತು. ಅವನನ್ನು ನಾನು ಎಲ್ಲೂ ನೋಡಿರಲಿಲ್ಲ. ಹೋಗೋದಾದರೆ ಹೋಗಲಿ ಅಂತ ಬ್ಯಾಗ್ ಎತ್ತಿ, ಕಾಲು ಮಡಚಿಕೊಂಡು ದಾರಿ ಮಾಡಿಕೊಟ್ಟೆ. ಅವನು ಬಾಗಿಲು ನೋಡಿದ, ಸಾಲಿನ ಉದ್ದ ನೋಡಿದ, ಆಮೇಲೆ ನೋಟ್ಸ್ ಟೈಪ್ ಮಾಡೋಕೆ ಶುರು ಮಾಡಿದ.

ಹಾಜರಿ ಹಾಳೆ ಬಂದಾಗ ನಾನೇನೂ ಮಾತಾಡಲಿಲ್ಲ. ಪಟ್ಟಿಯ ಕೆಳಗೆ ಖಾಲಿ ಜಾಗ ಎಲ್ಲಿದೆ ಅಂತ ತೋರಿಸಿ, ಪೆನ್ನು ಕೊಟ್ಟೆ.